ಪುಸ್ತಕದ ಹೊರೆ ಹೊತ್ತ ಗಳಗನಾಥರು

ಗ್ರಂಥವನ್ನು ರಚಿಸುವುದು ಒಂದು ತಪಸ್ಸಾದರೆ, ಅದನ್ನು ಓದುಗನ ಕೈಗೆ ಮುಟ್ಟಿಸುವುದು ಇನ್ನೊಂದು ತಪಸ್ಸು. ಇವೆರಡನ್ನೂ ಒಂದೇ ಜನ್ಮದಲ್ಲಿ ಆಚರಿಸಿದ ಮಹನೀಯರು ಕನ್ನಡ ಕಾದಂಬರಿಯ ಪಿತಾಮಹರೆನಿಸಿದ ಗಳಗನಾಥರು.

ವೆಂಕಟೇಶ ತಿರಕೋ ಕುಲಕರ್ಣಿ ಎಂಬುದು ಅವರ ಪೂರ್ಣ ಹೆಸರು. ವರದಾ-ತುಂಗಭದ್ರೆಯರ ಸಂಗಮಸ್ಥಾನವಾದ, ಇಂದಿನ ಹಾವೇರಿ ಜಿಲ್ಲೆಗೆ ಸೇರಿದ ಗಳಗನಾಥ ಗ್ರಾಮದಲ್ಲಿ 1869ರ ಜನವರಿ 5ರಂದು ಅವರು ಜನಿಸಿದರು. ಜನ್ಮವಿತ್ತ ಊರಿನ ಹೆಸರೇ ಅವರ ಕಾವ್ಯನಾಮವಾಯಿತು. ವೃತ್ತಿಯಿಂದ ಅವರು ಶಾಲಾ ಶಿಕ್ಷಕರು.

ಆಗ ಧಾರವಾಡ ಸೀಮೆಯು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕನ್ನಡಿಗರ ಮನೆಗಳಲ್ಲಿಯೂ ಮರಾಠಿ ಗ್ರಂಥಗಳಿಗೇ ಮನ್ನಣೆ. ಈ ದುಃಸ್ಥಿತಿಯನ್ನು ನೀಗಲೆಂದೇ 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಉದಯಿಸಿತು. ಆದರೆ ಭಾಷಾಭಿಮಾನದ ಉಪದೇಶ ಮಾತ್ರದಿಂದ ಓದುಗರು ಹುಟ್ಟಲಾರರು. ಕೈಗೆತ್ತಿಕೊಂಡರೆ ಕೆಳಗಿಡಲಾಗದ ಪುಸ್ತಕಗಳು ಬೇಕು. ದಕ್ಷಿಣದಲ್ಲಿ ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ಕಾದಂಬರಿಗಳನ್ನು ತಂದಂತೆ, ಉತ್ತರದಲ್ಲಿ ಗಳಗನಾಥರು ಹರಿ ನಾರಾಯಣ ಆಪ್ಟೆಯವರ ಐತಿಹಾಸಿಕ ಕಾದಂಬರಿಗಳನ್ನು ಮರಾಠಿಯಿಂದ ಕನ್ನಡಕ್ಕಿಳಿಸಿದರು. ವಿಜಯನಗರದ ಸ್ಥಾಪನೆಯನ್ನೂ ವಿದ್ಯಾರಣ್ಯರ ಮಹಿಮೆಯನ್ನೂ ಚಿತ್ರಿಸುವ, 1923ರಲ್ಲಿ ಪ್ರಕಟವಾದ 'ಮಾಧವ ಕರುಣಾ ವಿಲಾಸ'ವು ಅವರ ಸ್ವತಂತ್ರ ಕೃತಿಗಳಲ್ಲಿ ಹೆಸರಾದುದು.

ಪುಸ್ತಕಗಳೇನೋ ಸಿದ್ಧವಾದವು, ಕೊಳ್ಳುವವರೆಲ್ಲಿ? ಹಳ್ಳಿಗಳಲ್ಲಿ ಪುಸ್ತಕದ ಅಂಗಡಿಗಳಿರಲಿಲ್ಲ. ಕರ್ನಾಟಕದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಶಾಸನವು ಬಂದುದು 1965ರಲ್ಲಿ, ಗಳಗನಾಥರ ಕಾಲಾನಂತರ. ಈ ಕೊರತೆಯನ್ನು ಅವರು ಎರಡು ಬಗೆಯಲ್ಲಿ ನಿವಾರಿಸಿದರು. ಮೊದಲನೆಯದು ಪತ್ರಿಕೆ. ಅಗಡಿಯ ಆನಂದವನದ ಶ್ರೀ ಶೇಷಾಚಲ ಸದ್ಗುರುಗಳ ಆಶ್ರಯದಲ್ಲಿ ಹೊರಟ 'ಸದ್ಬೋಧ ಚಂದ್ರಿಕೆ' ಮಾಸಪತ್ರಿಕೆಯ ಸಂಪಾದಕತ್ವವನ್ನು ವಹಿಸಿ, ಚಂದಾದಾರರ ಮೂಲಕ ಮನೆಮನೆಗೆ ಕನ್ನಡದ ಓದನ್ನು ಕಳುಹಿದರು. ಅಂಗಡಿಯಿಲ್ಲದ ಊರಿಗೂ ಅಂಚೆಯವನು ಹೋಗುತ್ತಿದ್ದನಷ್ಟೆ!

ಎರಡನೆಯದು ಅವರ ಸ್ವಂತ ಕಾಲ್ನಡಿಗೆ. ತಮ್ಮ ಪುಸ್ತಕಗಳ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಮುದ್ರಣದ ವೆಚ್ಚವನ್ನು ಮುಂಗಡವಾಗಿ ತೆರಬೇಕು. ಮಾರಾಟವಾಗದ ಪ್ರತಿಗಳು ಮನೆಯಲ್ಲಿ ಕುಳಿತರೆ ಮುಂದಿನ ಗ್ರಂಥಕ್ಕೆ ಬಂಡವಾಳವಿಲ್ಲ. ಹೀಗಿರುವಾಗ ಲೇಖಕನೇ ವ್ಯಾಪಾರಿಯಾಗುವುದು ಅವರಿಗೆ ಅಗೌರವವೆನಿಸಲಿಲ್ಲ. ಆ ಸಂಚಾರದಿಂದ ಓದುಗನೂ ಲೇಖಕನೂ ಪರಸ್ಪರ ಮುಖ ನೋಡುವಂತಾಯಿತು. ಬರೆದವರ ಕೈಯಿಂದಲೇ ಪುಸ್ತಕ ಪಡೆದ ಮನೆಗೆ ಕನ್ನಡವು ನೆಂಟನಾಗಿ ಬಂದಿತು.

ಗಳಗನಾಥರು 1942ರ ಏಪ್ರಿಲ್ 22ರಂದು ದೈವಾಧೀನರಾದರು. ಅವರು ಒಬ್ಬರೇ ಹೊತ್ತ ಹೊರೆಯನ್ನು ಇಂದು ಪುಸ್ತಕ ವ್ಯಾಪಾರಿಗಳೂ ಗ್ರಂಥಪಾಲಕರೂ ಹಂಚಿಕೊಂಡಿದ್ದಾರೆ. ಅವರನ್ನು ಕೇವಲ ಮಾರುವವರು, ಕಾಯುವವರು ಎಂದೆಣಿಸದೆ ಸಹೋದ್ಯೋಗಿಗಳೆಂದು ಗೌರವಿಸುವ ಲೇಖಕನೇ ಗಳಗನಾಥರ ನಿಜವಾದ ವಾರಸುದಾರ. ಹಾಗೆಯೇ ಒಂದು ಕನ್ನಡ ಪುಸ್ತಕವನ್ನು ಕೊಂಡು ಓದಿ, ಅದನ್ನು ಇನ್ನೊಬ್ಬರ ಕೈಗೂ ಮುಟ್ಟಿಸುವ ವಿದ್ಯಾರ್ಥಿಯೂ ಆ ಹಿರಿಯರ ಹೊರೆಗೆ ಹೆಗಲು ಕೊಟ್ಟಂತೆಯೇ ಸರಿ.