ರಾಬರ್ಟ್ ಬ್ರೂಸ್ ಫೂಟ್

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯು ಕಲ್ಪವೃಕ್ಷದ ನಾಡೆಂದು ಹೆಸರಾಗಿದೆ. ಚಿಕ್ಕನಾಯಕನಹಳ್ಳಿಯ ಬಳಿ ತೆಂಗಿನ ತೋಟಗಳ ಹಿಂದೆ ಬೆಟ್ಟಸಾಲೊಂದು ಹಬ್ಬಿದೆ. ಅಲ್ಲಿ ಕಬ್ಬಿಣದ ಅದಿರು, ಮ್ಯಾಂಗನೀಸ್, ಸುಣ್ಣಕಲ್ಲುಗಳು ದೊರೆಯುತ್ತವೆ. ಈ ಶಿಲೆಗಳು ಭೂಮಿಯ ಪುರಾತನ ಕಥೆಯ ಪುಟಗಳೆಂಬುದನ್ನು ಅರಿತ ಮೊದಲಿಗರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಒಬ್ಬರು.

ಫೂಟ್ ಅವರು 1834ರಲ್ಲಿ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ನಗರದಲ್ಲಿ ಜನಿಸಿದರು. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯನ್ನು ಸೇರಿ, 33 ವರ್ಷಗಳ ಕಾಲ ದಕ್ಷಿಣ ಭಾರತದ ಬೆಟ್ಟ ಬಯಲುಗಳನ್ನು ಸುತ್ತಿದರು.

1863ರ ಮೇ 30ರಂದು ಮದರಾಸಿನ ಸಮೀಪದ ಪಲ್ಲಾವರಂನಲ್ಲಿ, ಜಂಬಿಟ್ಟಿಗೆ ಜಲ್ಲಿಯ ಗುಂಡಿಯೊಂದರಲ್ಲಿ ಅವರಿಗೆ ಒಂದು ಕಲ್ಲು ಸಿಕ್ಕಿತು. ಅದು ಆದಿಮಾನವನು ಚಕ್ಕೆ ಎಬ್ಬಿಸಿ ರೂಪಿಸಿದ ಆಯುಧವೆಂದು ಫೂಟ್ ಕಂಡುಕೊಂಡರು. ಭಾರತದಲ್ಲಿ ಹಳೆಯ ಶಿಲಾಯುಗದ ಅಧ್ಯಯನ ಅಂದಿನಿಂದ ಆರಂಭವಾಯಿತು. ಅದೇ ವರ್ಷ ಅತ್ತಿರಂಪಾಕ್ಕಂನಲ್ಲಿಯೂ ಇಂಥ ಆಯುಧಗಳು ದೊರೆತವು. ಅವುಗಳ ವಯಸ್ಸನ್ನು ಅಳೆಯುವ ಸಾಧನ ಆಗ ಇರಲಿಲ್ಲ. ಕಲ್ಲಿನೊಳಗಿನ ಅಲ್ಯೂಮಿನಿಯಂ ಹಾಗೂ ಬೆರಿಲಿಯಂ ಪರಮಾಣುಗಳನ್ನು ಅಳೆದ ವಿಜ್ಞಾನಿಗಳು, ಅಲ್ಲಿಯ ಅತಿ ಹಳೆಯ ಆಯುಧಗಳಿಗೆ ಸುಮಾರು 15 ಲಕ್ಷ ವರ್ಷಗಳಾಗಿವೆಯೆಂದು 2011ರಲ್ಲಿ ಪ್ರಕಟಿಸಿದರು.

ಕರ್ನಾಟಕವೂ ಫೂಟ್ ಅವರ ಕಾರ್ಯಕ್ಷೇತ್ರವಾಗಿತ್ತು. ಗೋಕಾಕದ ಸಮೀಪ ಹಳೆಯ ಮೆಕ್ಕಲು ಮಣ್ಣಿನಲ್ಲಿ ದೊರೆತ ಖಡ್ಗಮೃಗದ ಅವಶೇಷಗಳನ್ನು ಅವರು 1874ರಲ್ಲಿ ವರ್ಣಿಸಿದರು. ಇಂದು ಆ ಪ್ರಾಣಿಯ ಸುಳಿವಿಲ್ಲದ ಆ ಬಯಲಿನಲ್ಲಿ ಹಿಂದೆ ಅದಕ್ಕೆ ಬೇಕಾದ ನೀರೂ ಮೇವೂ ಇದ್ದಿರಬೇಕೆಂದು ಇದರಿಂದ ಊಹಿಸಬಹುದು. ಬಳ್ಳಾರಿ ಸೀಮೆಯ ಬೂದಿದಿಬ್ಬಗಳನ್ನು ಜನರು ರಾಕ್ಷಸರ ಚಿತಾಭಸ್ಮವೆಂದು ನಂಬಿದ್ದರು. ಅವು ಪ್ರಾಚೀನ ದನಗಾಹಿಗಳ ಕಾಲದಲ್ಲಿ ಸುಟ್ಟ ಸಗಣಿಯ ರಾಶಿಗಳೆಂದು ಫೂಟ್ ತಿಳಿದರು. 1960ರಲ್ಲಿ ಝಾಯ್ನರ್ ಎಂಬ ವಿದ್ವಾಂಸರು ಆ ಬೂದಿಯನ್ನು ಪರೀಕ್ಷಿಸಿ, ಅದೇ ನಿರ್ಣಯಕ್ಕೆ ಬಂದರು.

ಕನ್ನಡ ನಾಡಿನ ಪ್ರಾಚೀನ ಶಿಲಾಸ್ತರಗಳಿಗೆ ಫೂಟ್ ಅವರು ಧಾರವಾಡ ಶಿಲಾವರ್ಗವೆಂದು ಹೆಸರಿಟ್ಟರು. ಅದರ ಒಂದು ಪಟ್ಟಿಯನ್ನು ಡಂಬಳ–ಚಿಕ್ಕನಾಯಕನಹಳ್ಳಿ ಪಟ್ಟಿಯೆಂದು ಕರೆದರು. ಈ ಶಿಲೆಗಳು 250 ಕೋಟಿ ವರ್ಷಗಳಿಗಿಂತಲೂ ಹಳೆಯವೆಂಬುದು ಈಗ ತಿಳಿದಿದೆ. ಅಂದಿನ ವಾತಾವರಣದಲ್ಲಿ ಆಮ್ಲಜನಕ ಅತ್ಯಲ್ಪವಾಗಿತ್ತು. ಆದುದರಿಂದ ಕಬ್ಬಿಣವು ಕಡಲ ನೀರಿನಲ್ಲಿ ಕರಗಿಯೇ ಉಳಿಯುತ್ತಿತ್ತು. ಆಮ್ಲಜನಕದೊಡನೆ ಕೂಡಿದೆಡೆಯಲ್ಲಿ ತಳಕ್ಕಿಳಿದು ಪದರವಾಗುತ್ತಿತ್ತು. ತೆಂಗಿನ ತೋಟಗಳ ಹಿಂದೆ ನಿಂತ ಬೆಟ್ಟವು ಒಂದು ಕಾಲದ ಕಡಲತಳ!

ಫೂಟ್ ಅವರು ತಮಗೆ ದೊರೆತ ಪ್ರತಿಯೊಂದು ವಸ್ತುವಿನ ಊರನ್ನೂ ನೆಲೆಯನ್ನೂ ಗುರುತಿಸಿಡುತ್ತಿದ್ದರು. 1904ರಲ್ಲಿ ಅವರ ಸಂಗ್ರಹವು ಮದರಾಸಿನ ವಸ್ತುಸಂಗ್ರಹಾಲಯವನ್ನು ಸೇರಿತು. 1912ರ ಡಿಸೆಂಬರ್ 29ರಂದು ಅವರು ಕಲ್ಕತ್ತೆಯಲ್ಲಿ ನಿಧನರಾದರು. ಅವರ ಸಂಗ್ರಹದ ವಿವರಗಳು ಆನಂತರ ಗ್ರಂಥರೂಪದಲ್ಲಿ ಪ್ರಕಟವಾದವು.

ಸಿಕ್ಕ ನೆಲೆಯನ್ನು ಬರೆದಿಡದೆ ಕಿತ್ತು ತಂದ ಕಲ್ಲು ಮೂಕಸಾಕ್ಷಿ. ಅಗೆದು ಸಾಗಿಸಿದ ಬೆಟ್ಟವನ್ನು ಮತ್ತೆ ಓದಲಾಗದು. ನಮ್ಮ ಊರಿನ ನೆಲದಲ್ಲಿಯೂ ಇಂಥ ಪುಟಗಳಿವೆ. ಅವನ್ನು ಕಾಣುವ ಕಣ್ಣನ್ನೂ ಕಾಯುವ ಮನಸ್ಸನ್ನೂ ಬೆಳೆಸಿಕೊಳ್ಳುವುದೇ ಫೂಟ್ ಅವರಿಗೆ ನಾವು ಸಲ್ಲಿಸಬಹುದಾದ ಗೌರವ.