ಬೂದಿಕೋಟೆಯ ಹೈದರಾಲಿ: ಹಲಗೆಯ ಮೇಲಿನ ನಾಲ್ಕನೇ ಕಾಲಂ

ಬೋಧನಾಭ್ಯಾಸಕ್ಕೆ ನನ್ನನ್ನು ಹಾಕಿದ್ದು ಮುಳಬಾಗಿಲಿನ ಒಂದು ಪ್ರೌಢಶಾಲೆಗೆ. ಆಂಗ್ಲೋ-ಮೈಸೂರು ಯುದ್ಧಗಳ ಪಾಠ. ಹಲಗೆಯ ಮೇಲೆ ಯುದ್ಧ, ವರ್ಷ, ಒಪ್ಪಂದ ಎಂದು ಮೂರು ಕಾಲಂ ಎಳೆದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ಎಷ್ಟು ಜನ ಸತ್ತರೆಂದು ಇನ್ನೊಂದು ಕಾಲಂ ಹಾಕಿ ಮಿಸ್, ಯಾರು ಗೆದ್ದರೆಂದು ನಮಗೇ ತಿಳಿಯುತ್ತದೆ ಎಂದ. ಕಾಲಂ ಎಳೆದೆ, ತುಂಬಲಿಲ್ಲ. ಮಾರನೇ ದಿನ ಹೈದರಾಲಿಯ ಬದುಕನ್ನೇ ಹೇಳಿದೆ.

ಹೈದರ್ ಹುಟ್ಟಿದ್ದು ನಮ್ಮ ಜಿಲ್ಲೆಯ ಬೂದಿಕೋಟೆಯಲ್ಲಿ. ತಂದೆ ಫತೇ ಮುಹಮ್ಮದ್ ಯುದ್ಧದಲ್ಲಿ ಮಡಿದಾಗ ಇವನಿನ್ನೂ ಚಿಕ್ಕವನು. ಓದುಬರಹ ಕಲಿಯಲೇ ಇಲ್ಲ. (ಇದಕ್ಕೆ ತರಗತಿಗೆಲ್ಲ ಖುಷಿ, ಅವನ ನೆನಪಿನ ಶಕ್ತಿಯ ಮಾತು ಬಂದಾಗ ತಣ್ಣಗಾದರು.) ಮೈಸೂರು ಸೈನ್ಯ ಸೇರಿ, 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಹೆಸರು ಮಾಡಿ, 1761ರ ಹೊತ್ತಿಗೆ ರಾಜ್ಯದ ಅಧಿಕಾರವನ್ನೇ ಹಿಡಿದ.

1768ರಲ್ಲಿ ಕೋಲಾರ, ಮುಳಬಾಗಿಲು ಕಂಪನಿಯ ಕೈಸೇರಿದವು. ಮುಳಬಾಗಿಲನ್ನು ಹೈದರ್ ಮರಳಿ ಪಡೆದ. ಅದನ್ನು ಕಿತ್ತುಕೊಳ್ಳಲು ಬಂದ ಕರ್ನಲ್ ವುಡ್‌ನೊಡನೆ ಅಕ್ಟೋಬರ್ 4ರಂದು ಇಲ್ಲಿನ ಬಂಡೆಗಳ ನಡುವೆಯೇ ಕಾದಾಟ. ವುಡ್ ಸೋಲುವಂತಿದ್ದಾಗ ಕ್ಯಾಪ್ಟನ್ ಬ್ರೂಕ್ ಒಂದಿಷ್ಟು ಜನರೊಂದಿಗೆ ಬಂಡೆಯೇರಿ, ಸ್ಮಿತ್, ಸ್ಮಿತ್ ಎಂದು ಕೂಗಿಸಿದ. ಕರ್ನಲ್ ಸ್ಮಿತ್‌ನ ದೊಡ್ಡ ದಂಡೇ ಬಂತೆಂದು ಹೈದರನ ಕಡೆಯವರು ಹಿಂದೆ ಸರಿದರು. ಅಂದು ನೂರಾರು ಜನ ಬಿದ್ದರು. ಕದನದ ದಿಕ್ಕು ತಿರುಗಿಸಿದ್ದು ಮಾತ್ರ ಒಂದು ಕೂಗು. ಮಕ್ಕಳೆಲ್ಲ ಕಿಟಕಿಯಾಚೆಯ ಬೆಟ್ಟವನ್ನು ತಿರುಗಿ ನೋಡಿದರು.

ಮುಂದಿನ ವರ್ಷ ಹೈದರ್ ದೊಡ್ಡ ಸೈನ್ಯವನ್ನೂ ಸಾಮಾನು ಸರಂಜಾಮನ್ನೂ ಹಿಂದಕ್ಕೆ ಕಳಿಸಿ, ಸುಮಾರು 6000 ಕುದುರೆ ಸವಾರರೊಂದಿಗೆ ಮೂರೂವರೆ ದಿನದಲ್ಲಿ 130 ಮೈಲಿ ಓಡಿ ಮದರಾಸಿನ ಬಾಗಿಲಲ್ಲಿ ನಿಂತ. ಕಂಪನಿಯ ಸೈನ್ಯ ಹಿಂದೆಲ್ಲೋ ಉಳಿದಿತ್ತು. ಕೋಟೆಗೆ ಮುತ್ತಿಗೆಯಿಲ್ಲ, ದೊಡ್ಡ ಕಾಳಗವಿಲ್ಲ. ಏಪ್ರಿಲ್‌ನಲ್ಲಿ ಒಪ್ಪಂದವಾಯಿತು: ಗೆದ್ದ ಜಾಗಗಳನ್ನು ಪರಸ್ಪರ ಬಿಟ್ಟುಕೊಡುವುದು, ಒಬ್ಬರ ಮೇಲೆ ದಾಳಿಯಾದರೆ ಇನ್ನೊಬ್ಬರು ನೆರವಿಗೆ ಬರುವುದು. ಆ ಸವಾರರು ಏನು ಮಾಡಬಲ್ಲರೆಂಬ ಭಯ ಮದರಾಸಿನವರಿಗೆ ಇದ್ದೇ ಇತ್ತು, ಅದನ್ನು ಮಕ್ಕಳಿಂದ ಮುಚ್ಚಿಡಲಿಲ್ಲ. ಆದರೂ ಅವನ ಬದುಕಿನಲ್ಲಿ ಇಷ್ಟು ಕಡಿಮೆ ರಕ್ತಕ್ಕೆ ಇಷ್ಟು ದೊಡ್ಡ ಫಲ ಬೇರೆಲ್ಲೂ ನನಗೆ ಕಾಣಲಿಲ್ಲ.

ಮರಾಠರು ದಾಳಿ ಮಾಡಿದಾಗ ಕಂಪನಿ ನೆರವಿಗೆ ಬರಲಿಲ್ಲ. ಹೈದರ್ ಅದನ್ನು ಮರೆಯಲಿಲ್ಲ. 1780ರಲ್ಲಿ ಭಾರಿ ಸೈನ್ಯದೊಂದಿಗೆ ಘಟ್ಟವಿಳಿದು ಕರ್ನಾಟಿಕ್ ಸೀಮೆಯ ಹಳ್ಳಿಗಳನ್ನು ಸುಟ್ಟ. ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ದಂಡು ನಾಶವಾಯಿತು. ಹೆಣದ ಲೆಕ್ಕದಲ್ಲಿ ಇದೇ ದೊಡ್ಡ ಗೆಲುವು. ಕಂಪನಿ ಮಣಿಯಲಿಲ್ಲ, ಯುದ್ಧ ಎಳೆಯಿತು. 1782ರ ಡಿಸೆಂಬರ್ 7ರಂದು ಚಿತ್ತೂರಿನ ಬಳಿಯ ಪಾಳೆಯದಲ್ಲಿ ಹೈದರ್ ತೀರಿಕೊಂಡ. ದೇಹವನ್ನು ಮೊದಲು ಕೋಲಾರದಲ್ಲಿ ತಂದೆಯ ಸಮಾಧಿಯ ಬಳಿ ಇರಿಸಿ, ಆಮೇಲೆ ಶ್ರೀರಂಗಪಟ್ಟಣಕ್ಕೆ ಒಯ್ದರು. 1784ರಲ್ಲಿ ಟಿಪ್ಪು ಮಾಡಿಕೊಂಡ ಮಂಗಳೂರು ಒಪ್ಪಂದದಲ್ಲಿದ್ದುದೂ ಗೆದ್ದದ್ದನ್ನು ಪರಸ್ಪರ ಹಿಂತಿರುಗಿಸುವ ಮಾತೇ.

ಅದೇ ಹುಡುಗ ಮತ್ತೆ ಎದ್ದ. ಕಂಪನಿ ಮಾತು ತಪ್ಪಿದ ಮೇಲೆ ಹೈದರ್ ಇನ್ನೇನು ಮಾಡಬೇಕಿತ್ತು ಮಿಸ್ ಎಂದು ಕೇಳಿದ. ನನಗೆ ತಿಳಿಯಲಿಲ್ಲ, ಹಾಗೆಂದೇ ಹೇಳಿದೆ. ನಾಲ್ಕನೇ ಕಾಲಂ ಖಾಲಿ ಉಳಿಯಿತು. ಮೌಲ್ಯಮಾಪನಕ್ಕೆ ಸಮಯ ಸಾಲಲಿಲ್ಲವೆಂದು ಮಾರ್ಗದರ್ಶಕರು ವೀಕ್ಷಣಾ ಹಾಳೆಯಲ್ಲಿ ಬರೆದರು. ಅದು ನಿಜವೇ.