ಸರ್ ರೊನಾಲ್ಡ್ ಫಿಶರ್ (1890-1962): ಕೃಷಿ ಪ್ರಯೋಗ ವಿನ್ಯಾಸದ ಪ್ರವರ್ತಕರು

ಸರ್ ರೊನಾಲ್ಡ್ ಫಿಶರ್ ಅವರು 1890ರ ಫೆಬ್ರವರಿ 17ರಂದು ಲಂಡನ್ನಿನಲ್ಲಿ ಜನಿಸಿದರು. ದೃಷ್ಟಿದೋಷವಿದ್ದರೂ ಗಣಿತದಲ್ಲಿ ಅಸಾಧಾರಣ ಪ್ರತಿಭೆ ತೋರಿದ ಇವರು 1919ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರವನ್ನು ಸೇರಿದರು. ಅಲ್ಲಿ 1843ರಿಂದ ನಡೆದುಬಂದ ಗೊಬ್ಬರ ಪ್ರಯೋಗಗಳ ದಾಖಲೆಗಳನ್ನು ಪರಿಶೀಲಿಸಿದರು. ಇಳುವರಿ ಹೆಚ್ಚಿದುದು ಗೊಬ್ಬರದಿಂದಲೋ ಮಣ್ಣಿನ ಗುಣದಿಂದಲೋ ಎಂಬುದನ್ನು ಅರಿಯಲು ಮೂರು ತತ್ವಗಳನ್ನು ಪ್ರತಿಪಾದಿಸಿದರು.

1. ಪುನರಾವರ್ತನೆ: ಪ್ರತಿ ಗೊಬ್ಬರವನ್ನು ಹಲವು ತಾಕುಗಳಲ್ಲಿ ಪರೀಕ್ಷಿಸುವುದು.
2. ಯಾದೃಚ್ಛಿಕ ಹಂಚಿಕೆ: ಯಾವ ತಾಕಿಗೆ ಯಾವ ಗೊಬ್ಬರವೆಂಬುದನ್ನು ಚೀಟಿ ಎತ್ತಿ ನಿರ್ಧರಿಸುವುದು.
3. ಸ್ಥಳೀಯ ನಿಯಂತ್ರಣ: ಒಂದೇ ಬಗೆಯ ಮಣ್ಣಿನ ತಾಕುಗಳನ್ನು ಗುಂಪುಗೂಡಿಸಿ, ಆ ಗುಂಪಿನೊಳಗೇ ಹೋಲಿಸುವುದು.

ಪ್ರಯೋಗ ವಿನ್ಯಾಸವನ್ನು ಕುರಿತ ಇವರ ಗ್ರಂಥವು 1935ರಲ್ಲಿ ಪ್ರಕಟವಾಯಿತು. ಹೂವಿನಹಡಗಲಿಯಲ್ಲಿ ಜನಿಸಿದ ಡಾ. ಸಿ.ಆರ್. ರಾವ್ ಅವರು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ಇವರ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸಿ 1948ರಲ್ಲಿ ಡಾಕ್ಟರೇಟ್ ಪಡೆದರು. ಫಿಶರ್ ಅವರು 1962ರ ಜುಲೈ 29ರಂದು ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ನಿಧನರಾದರು.

ಇವರ ತತ್ವಗಳು ಇಂದಿಗೂ ರೈತರಿಗೆ ಉಪಯುಕ್ತವಾಗಿವೆ. ಕಬ್ಬೂರ ಭಾಗದ ಕಬ್ಬಿನ ಹೊಲವೊಂದರಲ್ಲಿ ನೀರಿನ ಆಸರೆಯಿರುವ ಒಂದೇ ತಾಕಿಗೆ ಹೊಸ ಗೊಬ್ಬರ ಹಾಕಿದಾಗ ಇಳುವರಿ ಹೆಚ್ಚಿದರೆ, ಅದು ನೀರಿನ ಫಲವೂ ಆಗಿರಬಹುದು. ಆದ್ದರಿಂದ ರೈತ ಬಾಂಧವರು ಇಡೀ ಹೊಲಕ್ಕೆ ಹಣ ಹೂಡುವ ಮುನ್ನ ಈ ಕ್ರಮದಲ್ಲಿ ಪರೀಕ್ಷಿಸಿ ನೋಡುವುದು ಸೂಕ್ತ.